ಎಡಗಣ್ಣಿನ ಬೆಳ್ಳಕ್ಕಿ

ಬಲಗಣ್ಣಿನ ಪೊರೆ ತೆಗೆದು ಇವತ್ತಿಗೆ ಮೂವತ್ತೆಂಟು ದಿನ.
ಎಡಗಣ್ಣಿಗೆ ಬರುವ ಗುರುವಾರ.
ನಡುವೆ ಸಿಕ್ಕ ಈ ಭಾನುವಾರ
ಕುಂಭಾರ್ಜುವೆ ಕಾಲುವೆಯ ದೋಣಿಯಲ್ಲಿ
ತಲೆಗೆ ಸಾವಿರದಿನ್ನೂರು ಕೊಟ್ಟು ಕೂತಿದ್ದೇನೆ,
ಕಿತ್ತಳೆ ಜಾಕೀಟು ಬಿಗಿಸಿಕೊಂಡ ಏಳು ಜನರಲ್ಲಿ ಒಬ್ಬಳು.

'ಮಾತು ಬೇಡ. ಬೆರಳು ಚಾಚುವುದು ಬೇಡವೇ ಬೇಡ.
ದೋಣಿಯ ಮೂತಿ ಹನ್ನೆರಡು ಗಂಟೆ,
ಹಕ್ಕಿ ಎಷ್ಟಕ್ಕಿದೆ, ಅಷ್ಟು ಹೇಳಿ ಸಾಕು'
ಅಂತ ಇನಾಸನ ಕಟ್ಟಪ್ಪಣೆ.
ಅದಿರಿನ ಬಾರ್ಜಿನಲ್ಲಿ ಹತ್ತೊಂಬತ್ತು ವರ್ಷ
ಚುಕ್ಕಾಣಿ ಹಿಡಿದ ಕೈ; ಗಣಿ ನಿಂತ ಮೇಲೆ
ಹಕ್ಕಿ ತೋರಿಸುತ್ತದೆ.

ಎರಡು ಗಂಟೆಗೆ ಹೆಮ್ಮಿಂಚುಳ್ಳಿ,
ಕೊಕ್ಕೇ ಒಂದು ಭಾರವೆಂಬಂತೆ ಕೂತಿದೆ.
ಒಂಬತ್ತಕ್ಕೆ ಹಾವಕ್ಕಿ, ಕತ್ತು ಮಾತ್ರ ನೀರ ಮೇಲೆ.
ಐದಕ್ಕೆ, ಅಲ್ಲ ಆರಕ್ಕೆ, ಅಯ್ಯೋ ಹೋಯಿತು.
ನನ್ನ ಕೈಗಡಿಯಾರದಲ್ಲಿ ಇನ್ನೂ ಏಳೂವರೆ.
ಪುಣೆಯ ಹಲ್ಲಿನ ಡಾಕ್ಟರು ಖಾಸನೀಸರ ಕ್ಯಾಮೆರಾ
ಹುರಿಗಡಲೆ ಸಿಡಿದಂತೆ ಸಿಡಿಯುತ್ತಲೇ ಇದೆ.

ತೂಬಿನ ಬಾಗಿಲ ಮೇಲೆ ಒಂದು ಬೆಳ್ಳಕ್ಕಿ.
ಅದನ್ನು ಯಾರೂ ಗಂಟೆ ಹಿಡಿದು ಕೂಗಲಿಲ್ಲ.
ಬೆಳ್ಳಕ್ಕಿಯಲ್ಲವೆ, ಎಲ್ಲೆಲ್ಲೂ ಇದ್ದದ್ದೇ.
ನಾನು ಎಡಗಣ್ಣು ಮುಚ್ಚಿದೆ:
ನೀಲಿಯಲ್ಲಿ ಅದ್ದಿ ಹಿಂಡಿ ಹರವಿದ ಬಿಳಿ,
ಅಂಚು ಕೊಯ್ಯುವಷ್ಟು ಬಿಳಿ.
ಬಲಗಣ್ಣು ಮುಚ್ಚಿದೆ:
ಮಜ್ಜಿಗೆಯ ಮೇಲೆ ಆಗಷ್ಟೆ ಒಡೆದು ನಿಂತ ಬೆಣ್ಣೆ.
ಅದೇ ಕಾಲು, ಅದೇ ತಾಳ್ಮೆ, ಹಕ್ಕಿ ಮಾತ್ರ ಎರಡು.
ಒಂದು ಹಾರಲಿ, ಇನ್ನೊಂದು ಇರಲಿ ಅಂತ
ಮುಚ್ಚಿ ತೆರೆದು ಮುಚ್ಚಿ ತೆರೆದು ಆಡುತ್ತಿದ್ದರೆ
ಖಾಸನೀಸರ ಹೆಂಡತಿ ನನ್ನನ್ನೂ ಇನಾಸನನ್ನೂ
ಒಂದು ಥರಾ ನೋಡಿದರು.
ಐವತ್ತೆಂಟರ ಹೆಂಗಸು ಕಣ್ಣು ಹೊಡೆಯುತ್ತಿದ್ದಾಳೆ!

'ಅಕ್ಕಾರ, ಅದು ಬೇರಲ್ರೀ. ಉಸಿರಾಡ್ಲಾಕತ್ತೈತಿ ನೋಡ್ರಿ'
ಹಿಂದಿನಿಂದ ಯಮನಪ್ಪ, ಮೋಟಾರಿನ ಹುಡುಗ,
ಹುನಗುಂದದ ಕಡೆಯವನು. ಗಂಟೆಯ ಲೆಕ್ಕವಿಲ್ಲ ಅವನಿಗೆ.
ಕೆಸರಿಗೆ ಕೆಸರಾಗಿ ಮಲಗಿತ್ತು ಮೊಸಳೆ.
'ನಮ್ಮೂರ ಹೊಳ್ಯಾಗೂ ಅದಾವ್ರಿ,
ಅಲ್ಲಿ ಯಾರೂ ರೊಕ್ಕಾ ಕೊಟ್ಟು ನೋಡಂಗಿಲ್ಲ.'

ಕಾಂಡ್ಲಾಗಿಡಗಳು ಬಗ್ಗಿ ಕತ್ತಲೆ ಮಾಡಿದ ಒಂದು ತಿರುವು.
ಇನಾಸ್ ಮೋಟಾರು ಆರಿಸಿದ. ಏನೂ ಹೇಳಲಿಲ್ಲ.
ಕೊಂಬೆಯೊಂದರ ಕಡೆ ಮುಖವೆತ್ತಿ
ಟೋಪಿ ತೆಗೆದು ಮತ್ತೆ ಹಾಕಿಕೊಂಡ, ಅಷ್ಟೆ.
ಹೊಸ ಕಣ್ಣಿಗೆ ಕಂಡದ್ದು ಎಲೆ, ಎಲೆಯ ನರ, ಒಂದು ಇರುವೆ.
ಹಳೆಯ ಕಣ್ಣಿಗೆ
ಕಂದೊಳಗೆ ಇನ್ನೊಂದು ಕಂದು ಕೂತಂತೆ,
ಎರಡು ಕಿವಿ ಇದ್ದಂತೆ, ಇಲ್ಲದಂತೆ.
ಆಮೇಲೆ ಮೆಲ್ಲಗೆ ಕೇಳಿದೆ.
'ಉಬ್ಬರ ಕಾಯುತ್ತ ಇಲ್ಲೇ ಲಂಗರು ಹಾಕುತ್ತಿದ್ದೆವು, ಬಾಯಿ.
ರಾತ್ರಿಯೆಲ್ಲ ಎಚ್ಚರ ಇರುತ್ತಿದ್ದದ್ದು ನಾವಿಬ್ಬರೇ.
ಅದು ಪಟ್ಟಿಯಲ್ಲಿಲ್ಲ.'
ಪಟ್ಟಿಯಲ್ಲಿ ನಲವತ್ತೊಂದು ಆಗಿದ್ದವು.
ಖಾಸನೀಸರಿಗೆ ನಲವತ್ತಮೂರು.

ವಾಪಸು ಬರುವಾಗ ಬಲಗಣ್ಣಿಗೆ ಅಂಗೈ ಮುಚ್ಚಿ ಕೂತೆ.
'ದುರ್ಬೀನಿಗೆ ಎರಡೂ ಕಣ್ಣು ಬೇಕು' ಅಂದ ಇನಾಸ್.
ಗೊತ್ತು ಅಂದೆ.
ದಂಡೆಯ ಉಪ್ಪಿನ ಗುಡ್ಡೆಗಳು ಹಳದಿ,
ಬಿಳಿಯೆಂದೇ ಉಟ್ಟು ಮಡಿಸಿಟ್ಟ ಸೀರೆಗಳಂತೆ,
ಬಿಳಿಯೆಂದೇ ಇಷ್ಟು ವರ್ಷ ಕಾಯಿಸಿದ ಹಾಲಿನಂತೆ.
ಯಾವ ದಿನದಿಂದ ಹೀಗೆ? ಯಾರೂ ಹೇಳಲಿಲ್ಲ.
ಗುರುವಾರದ ಮೇಲೆ ಜಗತ್ತೆಲ್ಲ ಒಗೆದದ್ದು.
ತೂಬಿನ ಬಾಗಿಲ ಮೇಲೆ ಅದು ಇನ್ನೂ ಇತ್ತು,
ಈಗ ಒಂಟಿಗಾಲಲ್ಲಿ.
ಚಿಕ್ಕದಾಗುವವರೆಗೆ ನೋಡಿದೆ, ಬೆಣ್ಣೆ ಕರಗುವವರೆಗೆ.

ದೋಣಿ ಕಟ್ಟೆಗೆ ತಾಗಿತು. ಅಂಗೈ ತೆಗೆದೆ.
'ಸಾವಕಾಶ ರೀ, ಅಕ್ಕಾರ' ಅಂತ ಯಮನಪ್ಪ ಕೈ ಚಾಚಿದ.
ಬಿಸಿಲಿಗೆ ಕೈ ಎರಡಾಗಿ ಕಂಡಿತು.
ಹಳದಿಯದನ್ನು ಹಿಡಿದು ಇಳಿದೆ.